ರೆಡ್ ಸಾಕ್ಸ್ ಅಭಿಮಾನಿಗಳಿಗೆ: ಮಾಲೀಕರ ಲೆಕ್ಕ ಮಾಲೀಕರಿಗೇ ಇರಲಿ

ಬೋಸ್ಟನ್ ಸುತ್ತಮುತ್ತ ನೆಲೆಸಿ ರೆಡ್ ಸಾಕ್ಸ್ ತಂಡವನ್ನು ಹಚ್ಚಿಕೊಂಡಿರುವ ಕನ್ನಡಿಗ ಬಂಧುಗಳಿಗೆ,



ಶರತ್ಕಾಲದಲ್ಲಿ ಆಟ ಮುಗಿದರೆ ಫೆಬ್ರವರಿಯಲ್ಲಿ ತಾಲೀಮು ಶುರುವಾಗುವವರೆಗೆ ನಮ್ಮ ಪಾಲಿಗೆ ಉಳಿಯುವುದು ಮಾತೊಂದೇ. ಯಾರನ್ನು ಕೊಟ್ಟು ಯಾರನ್ನು ತರಬೇಕು, ಯಾರಿಗೆ ಎಷ್ಟು ವರ್ಷದ ಕರಾರು, ಯಾವ ಹುಡುಗನನ್ನು ಏನೇ ಆದರೂ ಬಿಟ್ಟುಕೊಡಬಾರದು. ಹಬ್ಬದೂಟಕ್ಕೆ ಸೇರಿದರೂ ಇದೇ, ಮಕ್ಕಳನ್ನು ಕನ್ನಡ ತರಗತಿಗೆ ಬಿಟ್ಟು ಹೊರಗೆ ಕಾಯುವಾಗಲೂ ಇದೇ. ಈ ಚರ್ಚೆ ನನಗೆ ತುಂಬ ಇಷ್ಟ. ಆದರೆ ಕೆಲವು ವರ್ಷಗಳಿಂದ ನಮ್ಮ ಮಾತಿನ ಧಾಟಿ ಬದಲಾಗಿದೆ. ‘ಆ ಕರಾರು ತಂಡಕ್ಕೆ ಹೊರೆ’ ಎನ್ನುತ್ತೇವೆ. ‘ಮೂವತ್ತೈದು ದಾಟಿದವನಿಗೆ ಅಷ್ಟು ಸಂಬಳ ಕೊಟ್ಟರೆ ದಂಡ’ ಎನ್ನುತ್ತೇವೆ. ‘ತೆರಿಗೆಯ ಗೆರೆ ದಾಟಲೇಬಾರದು’ ಎಂದು ಪಟ್ಟು ಹಿಡಿಯುತ್ತೇವೆ. ಟಿಕೆಟ್ಟಿಗೆ ದುಡ್ಡು ಕೊಡುವವರು ನಾವು, ಬಾಯಲ್ಲಿರುವುದು ಮಾತ್ರ ಮಾಲೀಕರ ಲೆಕ್ಕಪತ್ರ. ಇದನ್ನು ಬಿಡೋಣ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

2018ರ ತಂಡ ನಿಮಗೆಲ್ಲ ನೆನಪಿದೆ. 162 ಪಂದ್ಯಗಳಲ್ಲಿ 108 ಗೆಲುವು, ಕೊನೆಗೆ ವರ್ಲ್ಡ್ ಸೀರೀಸ್ ಕಿರೀಟ. ಆ ವರ್ಷ ಮೂಕಿ ಬೆಟ್ಸ್ .346 ಸರಾಸರಿಯಲ್ಲಿ ಆಡಿ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಪಡೆದ. 2011ರಲ್ಲಿ ಐದನೇ ಸುತ್ತಿನಲ್ಲಿ ಆರಿಸಿ ತಂದ ಹುಡುಗ ಅವನು, ನಮ್ಮಲ್ಲೇ ಬೆಳೆದವನು. ಫೆನ್ವೇ ಪಾರ್ಕಿನ ಆ ವಿಶಾಲವಾದ ರೈಟ್ ಫೀಲ್ಡನ್ನು ಅವನಷ್ಟು ಚೆನ್ನಾಗಿ ಕಾದವರನ್ನು ನಾನು ನೋಡಿಲ್ಲ. 2020ರ ಫೆಬ್ರವರಿಯಲ್ಲಿ ಅವನನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟರು. ಜೊತೆಗೆ ಪಿಚರ್ ಡೇವಿಡ್ ಪ್ರೈಸ್‌ನನ್ನೂ ಕಳಿಸಿ, ಅವನ ಉಳಿದ ಸಂಬಳದ ಅರ್ಧದಷ್ಟನ್ನು ಇಳಿಸಿಕೊಂಡರು. ಬದಲಿಗೆ ಬಂದವರು ಅಲೆಕ್ಸ್ ವೆರ್ಡೂಗೊ, ಜೀಟರ್ ಡೌನ್ಸ್, ಕಾನರ್ ವಾಂಗ್. ಡೌನ್ಸ್‌ನನ್ನು 2022ರ ಕೊನೆಗೆ ಕೈಬಿಟ್ಟಾಯಿತು. ವೆರ್ಡೂಗೊ 2023ರ ಡಿಸೆಂಬರ್‌ನಲ್ಲಿ ಹೋಗಿದ್ದು ಎಲ್ಲಿಗೆ? ನ್ಯೂಯಾರ್ಕ್ ಯಾಂಕೀಸ್‌ಗೆ.

ಬೆಟ್ಸ್‌ನನ್ನು ಕೊಟ್ಟಾಗ ನಮ್ಮಲ್ಲೇ ಅನೇಕರು ಸಮಾಧಾನ ಹೇಳಿದರು. ಬೆಟ್ಸ್ ಹೇಗೂ ಹೊರಡುವವನೇ, ಒಂದು ವರ್ಷ ಕಾದರೆ ಅವನೂ ಇರುತ್ತಿರಲಿಲ್ಲ, ಬದಲಿಗೆ ಯಾರೂ ಸಿಗುತ್ತಿರಲಿಲ್ಲ ಎಂದು. ಆದರೆ 2020ರ ಜುಲೈನಲ್ಲೇ, ಡಾಡ್ಜರ್ಸ್ ಪರ ಒಂದೂ ಲೀಗ್ ಪಂದ್ಯ ಆಡುವ ಮೊದಲೇ, ಅವನು 12 ವರ್ಷಕ್ಕೆ 36.5 ಕೋಟಿ ಡಾಲರ್‌ಗೆ ಅಲ್ಲಿ ಸಹಿ ಹಾಕಿದ. ಹೊರಡಲು ತುದಿಗಾಲಲ್ಲಿ ನಿಂತಿದ್ದವನು ಹಾಗೆ ಮಾಡುತ್ತಾನೆಯೇ? ಆ ವರ್ಷವೇ ಡಾಡ್ಜರ್ಸ್ ವರ್ಲ್ಡ್ ಸೀರೀಸ್ ಗೆದ್ದರು, ಕೊನೆಯ ಪಂದ್ಯದಲ್ಲಿ ಬೆಟ್ಸ್ ಹೋಮ್ ರನ್ ಹೊಡೆದ. ನಾವು 24 ಗೆದ್ದು 36 ಸೋತು ವಿಭಾಗದಲ್ಲಿ ತಳ ಸೇರಿದ್ದೆವು.

ಇಷ್ಟಕ್ಕೂ ದಾಟಲೇಬಾರದು ಎಂದು ನಾವು ಪಟ್ಟು ಹಿಡಿಯುವ ಆ ತೆರಿಗೆಯ ಗೆರೆ ಎಂದರೇನು ಎಂದು ಒಮ್ಮೆ ಬಿಡಿಸಿ ನೋಡಬೇಕು. ಐಪಿಎಲ್ ಅಭ್ಯಾಸವಾದ ನಮಗೆ ಇಲ್ಲಿ ಗೊಂದಲವಾಗುವುದು ಸಹಜ. 2025ರ ಹರಾಜಿಗೆ ಆರ್‌ಸಿಬಿ ಇರಲಿ, ಮುಂಬೈ ಇರಲಿ, 120 ಕೋಟಿ ರೂಪಾಯಿ ದಾಟುವಂತಿರಲಿಲ್ಲ. ಅಲ್ಲಿ ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗಲೇಬೇಕು. ಬೇಸ್‌ಬಾಲ್‌ನಲ್ಲಿ ಅಂಥ ಮಿತಿಯೇ ಇಲ್ಲ. ತಂಡದ ಒಟ್ಟು ಸಂಬಳಕ್ಕೆ ಒಂದು ಗೆರೆ ಇದೆ, 2020ರಲ್ಲಿ ಅದು 20.8 ಕೋಟಿ ಡಾಲರ್. ಗೆರೆ ದಾಟಿದ ಮೊತ್ತಕ್ಕೆ ಮಾತ್ರ ಮೊದಲ ವರ್ಷ ಶೇಕಡಾ 20, ಎರಡನೇ ವರ್ಷ 30, ಮೂರನೇ ವರ್ಷ 50 ತೆರಿಗೆ. ಒಂದು ವರ್ಷ ಗೆರೆಯೊಳಗೆ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ಗೆದ್ದ 2018ರಲ್ಲಿ ನಮ್ಮ ತಂಡ ಕಟ್ಟಿದ ತೆರಿಗೆ ಸುಮಾರು 1.2 ಕೋಟಿ ಡಾಲರ್. ಮಾಲೀಕ ಜಾನ್ ಹೆನ್ರಿಯವರ ಗುಂಪು 2002ರಲ್ಲಿ ತಂಡ, ಮೈದಾನ, ಟಿವಿ ವಾಹಿನಿಯ ಪಾಲು ಎಲ್ಲ ಸೇರಿಸಿ ಕೊಟ್ಟದ್ದು ಸುಮಾರು 70 ಕೋಟಿ ಡಾಲರ್. ಇಂದು ಫೋರ್ಬ್ಸ್ ಪತ್ರಿಕೆಯ ಅಂದಾಜಿನಲ್ಲಿ ತಂಡದ ಬೆಲೆ 400 ಕೋಟಿ ಡಾಲರ್‌ಗೂ ಮಿಗಿಲು. ಅದೇ ಗುಂಪು ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡವನ್ನೂ ಸಾಕುತ್ತಿದೆ. ಹಾಗಿರುವಾಗ ಬೆಟ್ಸ್‌ನನ್ನು ಬಿಟ್ಟುಕೊಟ್ಟದ್ದು ಕೈಲಾಗದೆ ಎಂದು ನನಗೆ ಯಾರೂ ಹೇಳಬೇಡಿ.

ಟ್ರೇಡ್ ಎಂದರೇ ತಪ್ಪು ಎನ್ನುತ್ತಿಲ್ಲ. 2004ರ ಜುಲೈ 31ರಂದು ನೋಮಾರ್ ಗಾರ್ಸಿಯಪಾರನನ್ನು ಶಿಕಾಗೋ ಕಬ್ಸ್‌ಗೆ ಕೊಟ್ಟಾಗ ಊರಿಗೆ ಊರೇ ಮರುಗಿತು. ಅವನ ಹೆಸರಿನ ಅಂಗಿ ತೊಡದ ಮಗು ಬೋಸ್ಟನ್‌ನಲ್ಲಿ ಇರಲಿಲ್ಲವೇನೋ. ಆದರೆ ಆಗಿನ ಜನರಲ್ ಮ್ಯಾನೇಜರ್ ಥಿಯೋ ಎಪ್ಸ್ಟೀನ್ ಕೊಟ್ಟ ಕಾರಣ ಆಟದ ಒಳಗಿನದು: ಇನ್ಫೀಲ್ಡ್ ಸೋರುತ್ತಿದೆ, ಕೈ ಗಟ್ಟಿ ಇರುವವರು ಬೇಕು. ಆರ್ಲ್ಯಾಂಡೊ ಕ್ಯಾಬ್ರೇರ ಬಂದ, ಡಗ್ ಮಿಂಟ್‌ಕೇವಿಚ್ ಬಂದ. ಅಕ್ಟೋಬರ್‌ನಲ್ಲಿ 86 ವರ್ಷಗಳ ಕಾಯುವಿಕೆಗೆ ಕೊನೆ ಹಾಡಿದ ಕಟ್ಟಕಡೆಯ ಚೆಂಡು ಸೇರಿದ್ದು ಇದೇ ಮಿಂಟ್‌ಕೇವಿಚ್‌ನ ಕೈಗೆ. 2024ರ ಡಿಸೆಂಬರ್‌ನಲ್ಲಿ ನಾಲ್ವರು ಎಳೆಯರನ್ನು ಕೊಟ್ಟು ಪಿಚರ್ ಗ್ಯಾರೆಟ್ ಕ್ರೋಶೆಯನ್ನು ತಂದದ್ದೂ ಗೆಲುವಿಗಾಗಿಯೇ. ಮರುವರ್ಷ ಅವನು 255 ಸ್ಟ್ರೈಕೌಟ್ ಪಡೆದು ಎರಡೂ ಲೀಗ್‌ಗಳಲ್ಲಿ ಮೊದಲಿಗನಾದ. ಅವನನ್ನು ತಂದ ಕ್ರೇಗ್ ಬ್ರೆಸ್ಲೋಗೆ ಆ ಹೊಗಳಿಕೆ ಸಲ್ಲಲೇಬೇಕು. ಕೆಟ್ಟ ಟ್ರೇಡ್‌ಗಳನ್ನೂ ನಾನು ಸಹಿಸಬಲ್ಲೆ. 1990ರ ಆಗಸ್ಟ್‌ನಲ್ಲಿ ಲ್ಯಾರಿ ಆಂಡರ್ಸನ್ ಎಂಬ ಪಿಚರ್‌ಗಾಗಿ ಜೆಫ್ ಬ್ಯಾಗ್ವೆಲ್‌ನನ್ನು ಕೊಟ್ಟರು. ಆಂಡರ್ಸನ್ ನಮ್ಮ ಪರ ಎಸೆದದ್ದು 22 ಇನಿಂಗ್ಸ್, ಬ್ಯಾಗ್ವೆಲ್ ಹ್ಯೂಸ್ಟನ್‌ನಲ್ಲಿ ಆಡಿ ಹಾಲ್ ಆಫ್ ಫೇಮ್ ಸೇರಿದ. ಅಂದಾಜು ತಪ್ಪಿತು, ಆದರೆ ಆ ವರ್ಷ ಗೆಲ್ಲುವ ಹಟವಿತ್ತು. ಬೆಟ್ಸ್ ವಿಷಯದಲ್ಲಿ ನನ್ನನ್ನು ಇಂದಿಗೂ ಸುಡುವುದು ಆ ಹಟವೇ ಇಲ್ಲದಿದ್ದದ್ದು.

2023ರ ಚಳಿಗಾಲವೂ ಹೀಗೇ. ಅಧ್ಯಕ್ಷ ಟಾಮ್ ವರ್ನರ್ ಅವರು ಪೂರ್ತಿ ವೇಗದಲ್ಲಿ ನುಗ್ಗುವ ಮಾತಾಡಿದರು. ಆಮೇಲೆ ಬಂದ ದೊಡ್ಡ ಹೆಸರೆಂದರೆ ಲೂಕಸ್ ಜಿಯೊಲಿಟೊ. ಮೊಣಕೈ ನೋವಿನಿಂದ ಅವನು 2024ರ ಲೀಗ್ ಪಂದ್ಯಗಳಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಅದೇ ಚಳಿಗಾಲ ಅಟ್ಲಾಂಟಾಗೆ ಕೊಟ್ಟ ಪಿಚರ್ ಕ್ರಿಸ್ ಸೇಲ್ ಅಲ್ಲಿ 18 ಪಂದ್ಯ ಗೆದ್ದು ನ್ಯಾಷನಲ್ ಲೀಗ್‌ನ ಸೈ ಯಂಗ್ ಪ್ರಶಸ್ತಿ ಪಡೆದ. ನಾವು 81 ಗೆದ್ದು 81 ಸೋತೆವು.

ರಾಫೇಲ್ ಡೆವರ್ಸ್ ಬಗ್ಗೆ ನಮ್ಮೊಳಗೇ ಜಗಳವಿದೆ, ಗೊತ್ತು. 2025ರಲ್ಲಿ ಅಲೆಕ್ಸ್ ಬ್ರೆಗ್ಮನ್‌ನನ್ನು ತಂದು, ಮೂರನೇ ಬೇಸ್ ಬಿಟ್ಟು ಬರೀ ಬ್ಯಾಟಿಂಗ್ ಮಾಡು ಎಂದರು. ಮೇ ತಿಂಗಳಲ್ಲಿ ಟ್ರಿಸ್ಟನ್ ಕಸಾಸ್ ಮೊಣಕಾಲಿಗೆ ಪೆಟ್ಟಾದಾಗ ಮೊದಲ ಬೇಸ್‌ಗೆ ಹೋಗು ಎಂದರು, ಅವನು ಒಪ್ಪಲಿಲ್ಲ. ಒಪ್ಪಬೇಕಿತ್ತು ಎಂದೇ ನನಗೂ ಅನಿಸುತ್ತದೆ. ಆದರೆ ಜೂನ್ 15ರಂದು, ಯಾಂಕೀಸ್ ಮೇಲೆ ಮೂರಕ್ಕೆ ಮೂರೂ ಪಂದ್ಯ ಗೆದ್ದ ದಿನವೇ, ಅವನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿದಾಗ ನಮ್ಮ ಎಷ್ಟೋ ಮಂದಿ ಮೊದಲು ಆಡಿದ ಮಾತು ‘25 ಕೋಟಿ ಡಾಲರ್ ಉಳಿಯಿತು’ ಎಂದು. ಯಾರಿಗೆ ಉಳಿಯಿತು ಬಂಧುಗಳೇ? ಫೆನ್ವೇಯ ಟಿಕೆಟ್ಟಿನ ಬೆಲೆ ಅದರಿಂದ ಒಂದು ಡಾಲರೂ ಇಳಿಯಲಿಲ್ಲ. ಮೈದಾನದಲ್ಲಿ ಮಾತ್ರ ನಮ್ಮ ಅತ್ಯಂತ ಬಲಿಷ್ಠ ಬ್ಯಾಟ್ ಇಲ್ಲವಾಯಿತು.

ಆಟಗಾರನ ಕಡೆಯಿಂದಲೂ ಒಮ್ಮೆ ನೋಡೋಣ. ಮೇಜರ್ ಲೀಗ್‌ಗೆ ಬಂದ ಹುಡುಗ ತನಗೆ ಬೇಕಾದ ತಂಡ ಸೇರಲು ಆರು ವರ್ಷದ ಸೇವೆ ಮುಗಿಸಬೇಕು. ಅದರಲ್ಲಿ ಸುಮಾರು ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. ಮೈಯಲ್ಲಿ ಕಸುವು ತುಂಬಿದ ವರ್ಷಗಳನ್ನು ಅಗ್ಗಕ್ಕೆ ಪಡೆದು, ಮುಂದೆ ಅವನು ಕೇಳುವ ಬೆಲೆಯನ್ನು ದುರಾಸೆ ಎನ್ನುವುದು ನ್ಯಾಯವಲ್ಲ. ಈ ಆರು ವರ್ಷದ ಬಿಡುಗಡೆ ಸಹ ಸುಮ್ಮನೆ ಬಂದದ್ದಲ್ಲ. ಸೇಂಟ್ ಲೂಯಿಸ್ ಪರ 12 ವರ್ಷ ಆಡಿದ ಕರ್ಟ್ ಫ್ಲಡ್‌ನನ್ನು 1969ರಲ್ಲಿ ಫಿಲಡೆಲ್ಫಿಯಾಗೆ ಕೊಟ್ಟಾಗ ಅವನು, ನನ್ನ ಇಷ್ಟ ಕೇಳದೆ ಕೊಂಡು ಮಾರಲು ನಾನು ಯಾರ ಸೊತ್ತೂ ಅಲ್ಲ ಎಂಬರ್ಥದಲ್ಲಿ ಕಮಿಷನರ್‌ಗೆ ಪತ್ರ ಬರೆದ. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತ, ವೃತ್ತಿಜೀವನವನ್ನೂ ಕಳೆದುಕೊಂಡ. ಬಾಗಿಲು ತೆರೆದದ್ದು 1975ರ ಡಿಸೆಂಬರ್‌ನಲ್ಲಿ, ಬೇರೆಯವರ ಪಾಲಿಗೆ. ಹೊರದೇಶದಲ್ಲಿ ದುಡಿಯುವ ನಾವು, ಕೆಲಸ ಬದಲಿಸಲು ವೀಸಾದ ಕಾಗದಕ್ಕಾಗಿ ಕಾದಿರುವ ನಾವು, ಇದನ್ನು ಬೇರೆ ಯಾರಿಗಿಂತ ಬೇಗ ಅರ್ಥ ಮಾಡಿಕೊಳ್ಳಬೇಕು.

ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಸಂಬಳಕ್ಕೆ ಗಟ್ಟಿ ಮಿತಿ ಹಾಕಬೇಕೆಂಬ ಮಾತು ಮಾಲೀಕರ ಕಡೆಯಿಂದ ಮತ್ತೆ ಎದ್ದಿದೆ. 1994ರಲ್ಲಿ ಇದೇ ಬೇಡಿಕೆ ಮುಷ್ಕರಕ್ಕೆ ಎಡೆಮಾಡಿ ಆ ವರ್ಷದ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಈ ಚರ್ಚೆ ಕಾವೇರಿದಾಗ ‘ಮಿತಿ ಬಂದರೆ ಒಳ್ಳೆಯದು, ಡಾಡ್ಜರ್ಸ್ ಕೊಬ್ಬು ಇಳಿಯುತ್ತದೆ’ ಎಂದು ನಮ್ಮಲ್ಲೇ ಎಷ್ಟೋ ಮಂದಿ ಹೇಳುವುದು ಖಂಡಿತ. ಹೇಳುವ ಮೊದಲು, ಗೆರೆ ದಾಟುವ ಶಕ್ತಿಯಿದ್ದೂ ದಾಟದವರು ಯಾರು ಎಂದು ಯೋಚಿಸಿ.

ನಾವು ಕೂಗಿದರೆ ಕೇಳಿಸುವುದಿಲ್ಲ ಎನ್ನಬೇಡಿ. 2023ರ ಜನವರಿ 2ರಂದು ಫೆನ್ವೇಯಲ್ಲಿ ಐಸ್ ಹಾಕಿ ಪಂದ್ಯ ನಡೆದಾಗ ಜನ ಹೆನ್ರಿಯವರನ್ನು ಕೂಗಿ ಹೀಗಳೆದರು, ಡೆವರ್ಸ್‌ನನ್ನು ಉಳಿಸಿಕೊಳ್ಳಿ ಎಂದರು. ಎರಡೇ ದಿನದಲ್ಲಿ ಕರಾರಿನ ಸುದ್ದಿ ಬಂತು. ಕೂಗಿದ್ದಕ್ಕೇ ಬಂತು ಎನ್ನಲಾರೆ, ಮಾತುಕತೆ ಮೊದಲಿನಿಂದ ಇತ್ತು. ಆದರೂ ಈ ಸಲ ತಂಡದವರ ಎದುರು ಯಾರ ಕೈಗಾದರೂ ಮೈಕ್ ಬಂದರೆ ಪಿಚರ್ ಯಾರು, ಕ್ಯಾಚರ್ ಯಾರು ಎಂಬುದನ್ನು ಆಮೇಲೆ ಕೇಳಿ. ಮೊದಲು ಇಷ್ಟು ಕೇಳಿ: ಯುವ ಆಟಗಾರ ರೋಮನ್ ಆಂಥನಿಗೆ 2025ರ ಆಗಸ್ಟ್‌ನಲ್ಲಿ ಎಂಟು ವರ್ಷದ ಕರಾರು ಕೊಟ್ಟಿದ್ದೀರಿ, ಸಂತೋಷ. ಅವನ ಸುತ್ತ ಗೆಲ್ಲುವ ತಂಡ ಕಟ್ಟಲು ತೆರಿಗೆಯ ಗೆರೆ ಅಡ್ಡ ಬಂದರೆ ಆಗ ಏನು ಮಾಡುತ್ತೀರಿ?

ಇಂತಿ,
ನಿಮ್ಮೊಡನೆ ಬ್ಲೀಚರ್ಸ್‌ನಲ್ಲಿ ಕೂರುವ ಒಬ್ಬ ಅಭಿಮಾನಿ