ವಾಹ್ವಾ ಕಾಕಾ

ಹಾಡುವವರಿಗೆ ಘರಾಣೆ ಇದ್ದಂತೆ ಕೇಳುವವರಿಗೂ ಒಂದು ಘರಾಣೆ ಉಂಟು. ಅದರ ತಡಸ ಶಾಖೆಗೆ ವಾಹ್ವಾ ಕಾಕಾ ಅವರೇ ಖಲೀಫಾ. ಹುಬ್ಬಳ್ಳಿ-ಧಾರವಾಡದ ಆಸುಪಾಸಿನಲ್ಲಿ ಇಂಥವರು ಊರಿಗೊಬ್ಬರಾದರೂ ಸಿಗುತ್ತಾರೆ. ಒಬ್ಬ ಬುವಾ ಅವರನ್ನು ನೆಚ್ಚಿಕೊಂಡರೆ ಮುಗಿಯಿತು, ಅವರು ಎಲ್ಲಿ ಹಾಡಿದರೂ ಮೊದಲ ಸಾಲಿನಲ್ಲಿ ಇವರು.

ಶನಿವಾರ ಮಧ್ಯಾಹ್ನ ಕಾಕಾ ತಡಸ ಕ್ರಾಸ್‌ನಲ್ಲಿ ಬಸ್ಸಿಗೆ ನಿಲ್ಲುತ್ತಾರೆ. ಕೈಚೀಲದಲ್ಲಿ ಶಾಲು, ಚುರುಮರಿ, ಮೊಬೈಲ್ ಚಾರ್ಜರ್. ಸಂಜೆ ಹುಬ್ಬಳ್ಳಿ, ರವಿವಾರ ಧಾರವಾಡ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತವಿದ್ದರೆ ನಡುವಿನ ರಾತ್ರಿ ಅಲ್ಲಿ.

‘ವಾರವಾರ ಇದೇನ್ರೀ ತಿರುಗಾಟ?’ ಎಂದು ಕಾಕು ಕೇಳಿದರೆ ಉತ್ತರ ಸಿದ್ಧ. ‘ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಓಡಾಡಿದ್ರು. ಭೀಮಸೇನ ಜೋಶಿಯವರು 1933ರಾಗ, ಹನ್ನೊಂದು ವರ್ಷದವರಿದ್ದಾಗ, ಸಂಗೀತದ ಸಲುವಾಗಿ ಮನೀನ ಬಿಟ್ಟ್ರು. ನಾ ಬರೇ ಶನಿವಾರ ಬಿಡ್ತೀನಿ.’

‘ಅವರು ಹಾಡೂದು ಕಲ್ತ್ರು. ನೀವು ಬರೂಮುಂದ ಕೊತ್ತಂಬರಿ ತರೂದರ ಕಲೀರಿ.’

ಸಭೆಯಲ್ಲಿ ಕಾಕಾ ಕೂಡುವುದು ತಬಲಾದವರ ಎದುರಿಗೆ. ಆಲಾಪ ಶುರುವಾಗುವ ಮೊದಲೇ, ತಂಬೂರಿ ಶ್ರುತಿ ಮಾಡುವಾಗಲೇ, ಅವರದೊಂದು ‘ಆಹಾ’ ಆಗಿರುತ್ತದೆ. ಸಮ್ ಬರುವುದಕ್ಕೆ ಒಂದು ಮಾತ್ರೆ ಮುಂಚೆಯೇ ಅವರ ತಲೆ ಬೀಳುತ್ತದೆ. ಅದನ್ನು ನಂಬಿ ತಾಳ ಹಾಕಿದ ಪಕ್ಕದವರು ತಬ್ಬಿಬ್ಬಾಗುತ್ತಾರೆ. ಕಾಕಾ ಮಾತ್ರ ತಬಲಾದವರನ್ನು ಕನಿಕರದಿಂದ ನೋಡುತ್ತಾರೆ.

ರಾಗದ ಹೆಸರನ್ನೂ ಅವರೇ ಮೊದಲು ಹೇಳಬೇಕು. ಒಂದು ಸಂಜೆ ‘ಪೂರಿಯಾ’ ಎಂದು ಇಡೀ ಸಾಲಿಗೆ ಕೇಳುವಂತೆ ಪಿಸುಗುಟ್ಟಿದರು. ಬುವಾ ಹಾಡಿ ಮುಗಿಸಿದ ಮೇಲೆ ನಿರೂಪಕರು ‘ಮಾರವಾ’ ಎಂದರು. ಎರಡಕ್ಕೂ ಸ್ವರಗಳು ಅವೇ. ಆದರೆ ಮಾರವಾ ರಿಷಭ-ಧೈವತಗಳ ಮೇಲೆ ನಿಲ್ಲುತ್ತದೆ, ಪೂರಿಯಾ ಗಾಂಧಾರ-ನಿಷಾದಗಳ ಮೇಲೆ. ಕಾಕಾ ಯಾವುದರ ಮೇಲೂ ನಿಲ್ಲಲಿಲ್ಲ. ‘ಮಾರವಾ ಖರೆ, ಆದ್ರ ಬುವಾ ಇವತ್ತ ಅದನ್ನ ಪೂರಿಯಾದಾಗ ಹಾಡಿದ್ರು’ ಎಂದು ಚುರುಮರಿ ಬಿಚ್ಚಿದರು.

ಅವರಿಂದ ‘ಇವತ್ತಿನದು ಛಲೋ ಆತು’ ಎನ್ನಿಸುವುದು ಯಾರಿಂದಲೂ ಆಗಿಲ್ಲ. ಹುಬ್ಬಳ್ಳಿಯಲ್ಲಿ ನೀವು ಮೈಮರೆತರೆ, ‘ಕುಂದಗೋಳದಾಗ ಕೇಳಬೇಕಿತ್ತು’ ಎನ್ನುತ್ತಾರೆ. ಹಟಕ್ಕೆ ಬಿದ್ದು ಕುಂದಗೋಳಕ್ಕೇ ಹೋಗಿ ಬೆಳತನಕ ಕೂತರೆ, ‘ಹೋದ ವರ್ಷ ಬರಬೇಕಿತ್ತು ನೀವು.’ ಹೋದ ವರ್ಷವೂ ಬಂದಿದ್ದವರಿಗೆ, ‘ನೀವು ಹಿಂದ ಕೂತಿದ್ರಿ, ಅಲ್ಲಿಗೆ ಏನ್ ಕೇಳತದ?’

ಬುವಾ ಮಾತ್ರ ಅವರನ್ನು ಬಿಟ್ಟುಕೊಡುವುದಿಲ್ಲ. ಮಳೆಗಾಲದಲ್ಲಿ ಖಾಲಿ ಕುರ್ಚಿಗಳ ಮುಂದೆ ಹಾಡುವ ಪಾಳಿ ಬಂದಾಗ, ತೊಯ್ದ ಶಾಲು ಹಿಂಡುತ್ತ ‘ವಾಹ್ವಾ’ ಎಂದವರು ಕಾಕಾ ಒಬ್ಬರೇ. ಧ್ವನಿವರ್ಧಕ ಕೈಕೊಟ್ಟಾಗ ಸಂಘಟಕರ ಜೊತೆ ಜಗಳಕ್ಕೆ ನಿಂತವರೂ ಅವರೇ.

ಅದೇ ಸಲಿಗೆಯಲ್ಲಿ ಈಚೆಗೆ ಬುವಾ, ‘ಕಾಕಾ, ಮೊನ್ನೆ ಧಾರವಾಡದಾಗ ಭೈರವಿ ಛಂದ ಕೂಡಿ ಬಂದಿತ್ತು. ನೀವು ಮೊಬೈಲಿನ್ಯಾಗ ತುಂಬಿಕೊಂಡೀರೇನು?’ ಎಂದು ಕೇಳಿದರು. ಕಾಕಾ ಹೆಮ್ಮೆಯಿಂದ ಹಚ್ಚಿದರು. ಮೊದಲು ಒಂದು ‘ಆಹಾ’. ಆಮೇಲೆ ಎರಡು ‘ಕ್ಯಾ ಬಾತ್ ಹೈ’. ಚುರುಮರಿ ಪೊಟ್ಟಣದ ಸದ್ದು. ಪಕ್ಕದವರಿಗೆ ಹುಬ್ಬಳ್ಳಿಯ ಕಛೇರಿಯ ಸವಿಸ್ತಾರ ವರದಿ. ಇವೆಲ್ಲದರ ಹಿಂದೆ, ದೂರದಲ್ಲಿ ಯಾರೋ ಹಾಡುತ್ತಿದ್ದರು.

ಬುವಾ ಪೂರ್ತಿ ಕೇಳಿ ಕೈಮುಗಿದರು. ‘ಕಾಕಾ, ಭಾಳ ಛಲೋ ಹಾಡೀರಿ. ನನ್ನ ಸಾಥ್ ಹೆಂಗಿತ್ತು?’

‘ಅಡ್ಡಿಯಿಲ್ಲ’ ಎಂದರು ಕಾಕಾ. ‘ಸ್ವಲ್ಪ ಸಣ್ಣ ದನಿ ಆತು.’