ಹೂಮಳೆಯ ಅರ್ಜಿದಾರರು

ತಪಸ್ಸುಕಾಲ ಶುರುವಾಯಿತೆಂದರೆ ನಮ್ಮ ಫಾದರ್ ಪ್ರಬೋಧನೆಯ ವಿಷಯ ಒಂದೇ: ಬದುಕಿನ ನಟ್ಟನಡುವೆ ದೇವರನ್ನು ಕೂರಿಸಿ. ಕೂರಿಸೋಣ, ಅದಕ್ಕೇನು. ಆದರೆ ಸಕಲೇಶಪುರ, ಆಲೂರು ಕಡೆಯ ಬೆಳೆಗಾರನ ಮನೆಯಲ್ಲಿ ನಡುವಿನ ಆ ಕುರ್ಚಿ ಖಾಲಿ ಬೀಳುವ ತಿಂಗಳು ಯಾವುದು ಅಂತ ಅವರು ಹೇಳುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಕಾಫಿ ಕುಯ್ಲು ಕೂತಿರುತ್ತದೆ. ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುತ್ತಿದ್ದರೂ ಕಣ್ಣು ಕಣದಲ್ಲಿ ಹರಡಿದ ಹಣ್ಣಿನ ಮೇಲೆ. ಮೋಡ ಕಂಡರೆ ಬಾಲಯೇಸುವನ್ನು ಅಲ್ಲೇ ಹುಲ್ಲಿನ ಮೇಲೆ ಮಲಗಿಸಿ ಟಾರ್ಪಾಲು ಹಿಡಿದು ಓಡಬೇಕು. ಜೂನ್ ಬಂದರೆ ಮುಂಗಾರು, ಮರ ಬಿದ್ದು ಕರೆಂಟಿಲ್ಲ. ಭತ್ತ ತೆನೆ ಬಿಡುವಾಗ ಆನೆ. ರೇಟಿನ ಚಿಂತೆ ಹನ್ನೆರಡು ತಿಂಗಳೂ. ಇನ್ನು ಉಳಿದದ್ದು ಬೂದಿ ಬುಧವಾರದ ಆಸುಪಾಸಿನ ಫೆಬ್ರವರಿ, ಮಾರ್ಚ್. ಆಗ ಕುರ್ಚಿ ಹೂಮಳೆಯದು.

ಹೂಮಳೆ ಗೊತ್ತಿಲ್ಲದವರಿಗೆ ಒಂದು ಮಾತು. ಈ ಹೊತ್ತಿಗೆ ಒಂದಿಂಚಿನಷ್ಟು ಮಳೆ ಹದವಾಗಿ ಬಿದ್ದರೆ ರೊಬಸ್ಟಾ ಗಿಡದ ಮೊಗ್ಗೆಲ್ಲ ಎಂಟು ಹತ್ತು ದಿನದಲ್ಲಿ ಒಟ್ಟಿಗೇ ಬಿರಿದು ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗುತ್ತದೆ. ಹಾಗಲ್ಲದೆ ಹತ್ತೋ ಇಪ್ಪತ್ತೋ ಸೆಂಟು ಉದುರಿಸಿ ಹೋಯಿತೋ, ಮೊಗ್ಗು ಅರ್ಧ ಎದ್ದು ಅಲ್ಲೇ ಸುಟ್ಟುಹೋಗುತ್ತದೆ. ಬಾರದ ಮಳೆಗಿಂತ ಅರೆಬರೆ ಬಂದ ಮಳೆಯೇ ಕೆಟ್ಟದ್ದು. ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವವನು ನಮ್ಮಲ್ಲಿ ಹೊರಗಿನವನು. ನಮ್ಮ ಲೆಕ್ಕ ಇಂಚು, ಸೆಂಟು. ನೂರು ಸೆಂಟಿಗೆ ಒಂದಿಂಚು. ಬೆಳಗೆದ್ದು ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಬಗ್ಗಿ, ಕನ್ನಡಕ ಹಣೆಗೇರಿಸಿ, ಡೈರಿಯಲ್ಲಿ ಬರೆದುಕೊಳ್ಳುವ ಭಕ್ತಿ ಎಷ್ಟೋ ಜನಕ್ಕೆ ಪೂಜೆಯಲ್ಲೂ ಬರುವುದಿಲ್ಲ.

ಭಾನುವಾರ ಪೂಜೆ ಮುಗಿದು ಹೊರಗೆ ಬಂದ ಮೇಲೆ ನಮ್ಮ ಗಂಡಸರ ಮಾತು ಕೇಳಬೇಕು.

“ನಿಮಗೆಷ್ಟು?”

“ಎಂಬತ್ತು. ನಿಮಗೆ?”

“ಮೂವತ್ತು ಕಣ್ರೀ. ಹಳ್ಳದಾಚೆಗೆ ಒಂದಿಂಚು ಹತ್ತಂತೆ!”

ಎಂಬತ್ತು ಸಿಕ್ಕವನ ಮುಖದಲ್ಲಿ ಆಗಷ್ಟೇ ಪಾಪನಿವೇದನೆ ಮುಗಿಸಿ ಬಂದ ಕಳೆ. ಮೂವತ್ತರವನು ತನ್ನ ಹಳೆಯ ಪಾಪಗಳ ಪಟ್ಟಿ ತೆಗೆದಿರುತ್ತಾನೆ. ಹಳ್ಳದಾಚೆಯವನು ಈಸ್ಟರಿಗೂ ಚರ್ಚಿನ ಕಡೆ ತಲೆ ಹಾಕದ ಆಸಾಮಿ, ಅವನಿಗೆ ಹೇಗೆ ಒಂದಿಂಚು ಹತ್ತು? ದೇವರು ನೀತಿವಂತರಿಗೂ ಅನೀತಿವಂತರಿಗೂ ಮಳೆ ಸುರಿಸುತ್ತಾನೆ ಅಂತ ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದಾರೆ, ನಿಜ. ಯಾರಿಗೆ ಎಷ್ಟು ಸೆಂಟು ಅಂತ ಹೇಳಿಲ್ಲ. ಅಲ್ಲೇ ಬಂದಿರುವುದು ತಕರಾರು.

ತಕರಾರು ಇಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮ ಮುಂದಿನ ಬೆಂಚಿನಲ್ಲಿ ಕೂರುವ ಹಿರಿಯರಿಗೆ ದೊಡ್ಡ ಕೆರೆಯಿದೆ, ಸ್ಪ್ರಿಂಕ್ಲರ್ ಇದೆ. ಅವರು ಮಳೆಗೆ ಕಾಯದೆ ನೀರು ಹಾರಿಸಿ ಹೂ ಬಿಡಿಸಿಕೊಂಡಿರುತ್ತಾರೆ. ರೊಬಸ್ಟಾ ಹೂವಿಗೆ ಇನ್ನೊಂದು ಗಿಡದ ಪರಾಗವೇ ಆಗಬೇಕು. ಗಾಳಿ ಬೀಸಬೇಕು, ಜೇನು ಹಾರಬೇಕು. ಹೂ ಅರಳಿದ ದಿನವೇ ಮಳೆ ಹೊಡೆದರೆ ಫಸಲು ಹೋಯಿತು. ಹೀಗಾಗಿ ಅವರು ಕಣ್ಣು ಮುಚ್ಚಿ ಇನ್ನೆರಡು ದಿನ ಮಳೆ ಬೇಡಪ್ಪಾ ಅಂತ ಮೊಣಕಾಲೂರಿದ್ದರೆ, ಹಿಂದಿನ ಬೆಂಚಿನಲ್ಲಿ ನಾನು ಇವತ್ತೇ ಬರಲಿ ಅಂತ. ಇಬ್ಬರೂ ಕಾಣಿಕೆ ಹಾಕಿದವರು, ಇಬ್ಬರೂ ಶುಕ್ರವಾರ ಮಾಂಸ ಬಿಟ್ಟವರು. ದೇವರು ಯಾರ ಅರ್ಜಿ ತೆಗೆದುಕೊಳ್ಳಬೇಕು? ರೋಮಿನವರಿಗೂ ಈ ಫಜೀತಿ ಗೊತ್ತಿದ್ದಂತಿದೆ. ಕಥೋಲಿಕ ಪೂಜಾಗ್ರಂಥದಲ್ಲಿ ಮಳೆಗಾಗಿ ಒಂದು ಪ್ರಾರ್ಥನೆ ಇದೆ, ಮಳೆ ನಿಂತು ಹವೆ ತಿಳಿಯಾಗಲಿ ಅಂತ ಇನ್ನೊಂದು ಇದೆ. ಎರಡನ್ನೂ ಒಂದೇ ಪೂಜೆಯಲ್ಲಿ ಹೇಳಿಸಬಹುದೇ ಅಂತ ಫಾದರನ್ನು ಕೇಳಿದೆ. ಅವರು ನಕ್ಕು ಕಾಫಿ ತರಿಸಿದರು. ಆ ವಾರ ಮಳೆ ಬಂದದ್ದು ಆಲೂರಿನಾಚೆಯ ಬಯಲಿಗೆ, ಬಿತ್ತನೆಯೇ ಇಲ್ಲದ ಹೊಲಗಳ ಮೇಲೆ.

ಮಳೆ ಕೇಳುವಾಗ ಅಳತೆ ತಪ್ಪಬಾರದು ಅನ್ನುವುದಕ್ಕೆ ಶೆಟ್ಟಿಹಳ್ಳಿ ಸಾಕ್ಷಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಜಪಮಾಲೆ ಮಾತೆಯ ಚರ್ಚು ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು. ನಮ್ಮ ಗುಡ್ಡಗಳಲ್ಲಿ ಬಿದ್ದ ಮಳೆಯೇ ಹಳ್ಳ ಸೇರಿ, ಸಕಲೇಶಪುರದ ಸೇತುವೆಯಡಿ ಹರಿದು, ಅಲ್ಲಿ ಹೋಗಿ ಚರ್ಚಿನ ಗೋಡೆ ಏರುವುದು. ನೀರಿನ ನಡುವೆ ಕಮಾನು ಕಂಡಾಗ ಬೆಂಗಳೂರಿನವರು ಫೋಟೋ ಹೊಡೆಯುತ್ತಾರೆ, ಮದುವೆಗೆ ಮುಂಚಿನ ಶೂಟಿಂಗ್ ಮಾಡುತ್ತಾರೆ. ನನಗೆ ಅಲ್ಲಿ ಹೋದಾಗಲೆಲ್ಲ ಬರುವ ಯೋಚನೆ ಬೇರೆ. ಜುಲೈನಲ್ಲಿ ನಮ್ಮೂರ ಬೇಡಿಕೆ ಹೆಚ್ಚು ಫಲಿಸಿದಷ್ಟೂ ಇಲ್ಲಿ ಪೀಠ ಇದ್ದ ಜಾಗಕ್ಕೆ ಹೆಚ್ಚು ನೀರು!

ಮನೆಯೊಳಗಿನ ಸಂಗತಿ ಅಮ್ಮನ ಉಸ್ತುವಾರಿ. ಸಂಜೆ ಏಳಕ್ಕೆ ಜಪಸರ. ಸರದಲ್ಲಿ 59 ಮಣಿ, ಅದರಲ್ಲಿ ನಮೋ ಮರಿಯಾ 53. ಮಣಿಯಿಂದ ಮಣಿಗೆ ಬೆರಳು ಹೋಗುವಾಗ ಬಾಯಿ ಮಂತ್ರದ ರಾಗ ಬಿಡದೆ “ಹಾಲು ಉಕ್ಕುತ್ತಿದೆ ನೋಡೇ”, “ನಾಯಿ ಬಿಟ್ಟಿದ್ದೀರೇನೋ” ಅಂತಲೂ ಹೇಳುತ್ತದೆ. ಹೊಸಬರಿಗೆ ಮಂತ್ರ ಎಲ್ಲಿ ಮುಗಿಯಿತು, ಹಾಲು ಎಲ್ಲಿ ಶುರುವಾಯಿತು ತಿಳಿಯದು. 2002ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಜಪಸರಕ್ಕೆ ಬೆಳಕಿನ ರಹಸ್ಯಗಳನ್ನು ಸೇರಿಸಿದಾಗ ಅಮ್ಮ, “ಇರುವುದನ್ನೇ ಆನೆ ಮುಗಿಸಲು ಬಿಡುವುದಿಲ್ಲ, ಅವರಿಗೇನು ಗೊತ್ತು” ಅಂದಿದ್ದರು.

ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು; ತೀರಿಕೊಂಡದ್ದು 1691ರಲ್ಲಿ. ಕುಂಟು ಕಾಲು, ಕೊಟ್ಟ ಕೆಲಸ ಅಡುಗೆಮನೆಯದು, ಅದೂ ಮನಸ್ಸಿಗೆ ಒಗ್ಗದ್ದು. ಪಾತ್ರೆಗಳ ಸದ್ದು, ಹತ್ತು ಜನರ ಕೂಗಿನ ಮಧ್ಯೆಯೂ ದೇವರು ಪಕ್ಕದಲ್ಲೇ ಇರುತ್ತಾನೆ ಅನ್ನುತ್ತಿದ್ದರಂತೆ. ಇದನ್ನು ಹೆಂಡತಿಗೆ ಓದಿ ಹೇಳಿದೆ. ಅಕ್ಕಿರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡು, “ಅವರಿಗೆ ಅತ್ತೆ ಇದ್ದರಾ?” ಅಂದಳು.

ಆನೆ ಬಂದ ಸುದ್ದಿ ಈಗ ಮೊಬೈಲಿಗೇ ಬರುತ್ತದೆ. ಮೂರನೇ ರಹಸ್ಯದಲ್ಲಿರುವಾಗ ಟಿಣ್ ಅಂದರೆ ಮಕ್ಕಳ ಮುಖ ಅರಳುತ್ತದೆ. ಅಮ್ಮ ಬಿಡುವುದಿಲ್ಲ, ಆನೆಗೂ ಒಂದು ಕೋರಿಕೆ ಸೇರಿಸಿ ಮುಂದಿನ ಮಣಿ ಹಿಡಿಯುತ್ತಾರೆ. 2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಮೈಸೂರು ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಸಾಕಾನೆ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಆ ರಾತ್ರಿ ಅಮ್ಮ ತೀರಿಕೊಂಡವರ ಆತ್ಮಗಳ ಸಾಲಿನಲ್ಲಿ ಅಜ್ಜ, ಅಜ್ಜಿ, ದೊಡ್ಡಪ್ಪ ಆದ ಮೇಲೆ ಅರ್ಜುನನ ಹೆಸರು ಹೇಳಿದರು. ಪ್ರಾಣಿಗಳಿಗೆ ಹೀಗೆ ಪ್ರಾರ್ಥಿಸಬಹುದೋ ಇಲ್ಲವೋ, ಧರ್ಮಶಾಸ್ತ್ರ ತಿಳಿದವರು ಹೇಳಲಿ. ಚಾಮುಂಡೇಶ್ವರಿಯನ್ನು ಹೊತ್ತವನಿಗೆ ಪರಲೋಕ ಮಂತ್ರ ಹೇಳುವಾಗ ನಮ್ಮ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಅವತ್ತು ಮಕ್ಕಳು ಮೊಬೈಲಿನ ಕಡೆ ತಿರುಗಲೂ ಇಲ್ಲ.

ಮೊನ್ನೆ ಹೂಮಳೆಯ ಅರ್ಜಿಯನ್ನೂ ಅಮ್ಮನೇ ಬರೆಸಿದರು. “ಒಂದಿಂಚು ಸಾಕು ಸ್ವಾಮಿ, ರಾತ್ರಿ ಕೊಡು, ಆಲಿಕಲ್ಲು ಬೇಡ. ಹಳ್ಳದಾಚೆಯವನಿಗೂ ಒಂದಿಂಚೇ ಕೊಡು, ಮೇಲಿನ ಹತ್ತು ಸೆಂಟು ಬೇಡ.”

“ಮುಂದಿನ ಬೆಂಚಿನವರ ತೋಟದಲ್ಲಿ ಹೂ ಅರಳಿದೆಯಲ್ಲಮ್ಮ” ಅಂದೆ.

“ಅವರಿಗೆ ಗುರುವಾರದ ಮೇಲೆ ಅಂತ ಸೇರಿಸು.”

ಇಪ್ಪತ್ತು ದಿನ ಬಿಟ್ಟು, ಕಟ್ಟಿದ ಕಾಯಿ ನಿಲ್ಲಲು ಬ್ಯಾಕಿಂಗ್ ಮಳೆಯೂ ಬೇಕಲ್ಲ ಅಂತ ಹೆಂಡತಿ ನೆನಪಿಸಿದಳು. ಅಮ್ಮ ಸರ ಮಡಿಚಿ ಡಬ್ಬಿಗೆ ಹಾಕುತ್ತಾ, “ಅದಕ್ಕೆ ಬೇರೆ ಜಪಸರ ಆಗುತ್ತೆ, ನಾಳೆ ನೀನೇ ನಡೆಸು” ಅಂದರು.