ಅರ್ಧ ಡಾಕ್ಟರ್ ಮಾರುವವರಿಗೊಂದು ಬಹಿರಂಗ ಪತ್ರ

ಆರೋಗ್ಯ ವಿಜ್ಞಾನ ಕಾಲೇಜುಗಳ ಕರಪತ್ರ ಬರೆಯುವ ಮಹನೀಯರೇ,

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಪರವಾಗಿ ನಿಮಗೆ ಸಾಷ್ಟಾಂಗ ನಮಸ್ಕಾರ. ನಮ್ಮ ಆಸೆಯ ನಾಡಿ ನಿಮಗೆ ಚೆನ್ನಾಗಿ ಸಿಕ್ಕಿದೆ. 2007ರಲ್ಲಿ ನಮಗೊಂದು ಜಿಲ್ಲೆ ಸಿಕ್ಕಿತು, 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣವಾಯಿತು. ಈ ನಡುವೆ ಆರೋಗ್ಯ ವಿಶ್ವವಿದ್ಯಾಲಯ ಬಂತು, ಇನ್ನೇನು ಬಂತು ಎಂಬ ಮಾತು ಕೇಳುತ್ತಲೇ ಒಂದು ತಲೆಮಾರು ಪಿಯುಸಿ ದಾಟಿತು. ರಾಮನಗರಕ್ಕೆ ಬರಬೇಕಿದ್ದ ಮೆಡಿಕಲ್ ಕಾಲೇಜು ಕನಕಪುರದ ಪಾಲಾಗುತ್ತದೆಂದು 2023ರಲ್ಲಿ ರಾಮನಗರ ಬಂದ್ ಕೂಡ ಆಯಿತು. ಹೀಗೆ ಕಾದು ಕೂತವರ ಮನೆಗೆ ನೀವು ಕೊರಳಲ್ಲಿ ಸ್ಟೆತಸ್ಕೋಪ್ ತೊಟ್ಟ ಹುಡುಗಿಯ ಚಿತ್ರ ಕಳಿಸಿ, ಎಂಬಿಬಿಎಸ್ ಸೀಟು ತಪ್ಪಿದರೇನಂತೆ, ಬಿಎಸ್‌ಸಿ ಫಿಸಿಷಿಯನ್ ಅಸಿಸ್ಟೆಂಟ್ ಇದೆಯಲ್ಲ ಎನ್ನುತ್ತೀರಿ. ಎಂಥ ಅನುಕಂಪ!

ಕೋರ್ಸಿನ ಮೇಲೆ ನಮ್ಮ ತಕರಾರಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಹುಟ್ಟಿದ ಈ ವೃತ್ತಿಯನ್ನು 1992ರಲ್ಲಿ ಚೆನ್ನೈಗೆ ತಂದವರು ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್. ರೋಗಿಯ ಹಿಸ್ಟರಿ ಬರೆಯುವುದು, ರೌಂಡ್ಸ್‌ಗೆ ಎಲ್ಲವನ್ನೂ ಅಣಿ ಮಾಡುವುದು, ಆಪರೇಷನ್‌ನಲ್ಲಿ ಸರ್ಜನ್ ಕೈಗೆ ಕೈಯಾಗುವುದು, ಡಿಸ್ಚಾರ್ಜ್ ಸಮ್ಮರಿ ಸಿದ್ಧಪಡಿಸುವುದು, ಇವೆಲ್ಲ ಮರ್ಯಾದೆಯ ಕೆಲಸಗಳೇ. ಆದರೆ ಈ ಕೆಲಸಕ್ಕೆ ಮೇಲೊಬ್ಬ ತಜ್ಞ ಬೇಕು, ಸುತ್ತಲೂ ದೊಡ್ಡ ಆಸ್ಪತ್ರೆ ಬೇಕು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೇಂದ್ರ ಸರ್ಕಾರ ರೂಪಿಸಿದ ಮಾನದಂಡದಲ್ಲಿ ವೈದ್ಯಾಧಿಕಾರಿ, ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್ ಎಲ್ಲರೂ ಇದ್ದಾರೆ. ನಿಮ್ಮ ಪದವೀಧರರು ಮಾತ್ರ ಇಲ್ಲ. ಉಪಕೇಂದ್ರಗಳಿಗೆ 2018ರಿಂದ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆ ಬಂತು. ಅದರ ಬಾಗಿಲು ತೆರೆದದ್ದೂ ಮುಖ್ಯವಾಗಿ ನರ್ಸಿಂಗ್ ಓದಿದವರಿಗೆ. ಅಂದರೆ ಊರಲ್ಲೇ ಇದ್ದು ಊರಿನವರ ಬಿಪಿ, ಶುಗರ್ ನೋಡಬೇಕೆನ್ನುವ ಮಾಗಡಿಯ ಹುಡುಗಿಗೆ, ನೀವು ಎರಡನೆಯ ದರ್ಜೆಯದೆಂದು ಮೂಗು ಮುರಿಯುವ ನರ್ಸಿಂಗೇ ನೇರ ದಾರಿ. ನಿಮ್ಮ ಕೋರ್ಸ್ ಅವಳನ್ನು ಬೆಂಗಳೂರಿನ ಬಸ್ಸು ಹತ್ತಿಸುತ್ತದೆ. ಹತ್ತಿಸಿ, ತಪ್ಪೇನಿಲ್ಲ, ಟಿಕೆಟ್ಟಿನ ಮೇಲೆ ಊರ ಹೆಸರು ಸರಿಯಾಗಿ ಬರೆಯಿರಿ, ಅಷ್ಟೆ.

ಕಾನೂನೇ ಮಾನ್ಯತೆ ಕೊಟ್ಟಿದೆ ಎಂದು ನೀವು ಥಟ್ಟನೆ ಹೇಳುತ್ತೀರಿ. ನಿಜ, 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಈ ವೃತ್ತಿಯ ಹೆಸರಿದೆ. ಅದರಿಂದ ಓದಿಗೊಂದು ಮಟ್ಟ, ಹೆಸರಿಗೊಂದು ನೋಂದಣಿ ಸಿಗುತ್ತದೆ. ಸ್ವತಂತ್ರವಾಗಿ ಔಷಧಿ ಚೀಟಿ ಬರೆಯುವ ಹಕ್ಕು ಬರುವುದಿಲ್ಲ. ವೈದ್ಯರಲ್ಲದವರಿಗೆ ಸೀಮಿತ ಪರವಾನಗಿ ಕೊಡುವ ಮಾತು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಬಂದಾಗ ವೈದ್ಯರ ಸಂಘ ಬೀದಿಗಿಳಿದದ್ದು ನೆನಪಿದೆಯಷ್ಟೆ? ಅಮೆರಿಕದಲ್ಲಿ ಫಿಸಿಷಿಯನ್ ಅಸಿಸ್ಟೆಂಟರು ಚೀಟಿ ಬರೆಯುತ್ತಾರಲ್ಲ ಎಂಬುದು ನಿಮ್ಮ ಮುಂದಿನ ದಾಳ. ಅಲ್ಲಿ ಅದು ಸ್ನಾತಕೋತ್ತರ ಓದು, ಅಲ್ಲಿನ ಮಾನ್ಯತೆ ಪಡೆದ ಕಾಲೇಜಿನಲ್ಲಿ ಕಲಿತವರಿಗಷ್ಟೇ ಅಲ್ಲಿನ ಪರೀಕ್ಷೆಗೆ ಪ್ರವೇಶ. ಇಲ್ಲಿನ ಬಿಎಸ್‌ಸಿ ಹಿಡಿದು ನೇರವಾಗಿ ಆ ಪರೀಕ್ಷೆಗೆ ಕೂರಲಾಗದು. ಬ್ರಿಟನ್ನಿನ ಹೆಸರೆತ್ತುವುದಂತೂ ಬೇಡ: ಯಾವ ಕಾಯಿಲೆಯೆಂದು ಇನ್ನೂ ಗೊತ್ತಾಗದ ರೋಗಿಯನ್ನು ಇವರು ಸಾಮಾನ್ಯವಾಗಿ ನೋಡಬಾರದೆಂದು 2025ರಲ್ಲಿ ಈ ವೃತ್ತಿಯನ್ನು ಪರಿಶೀಲಿಸಿದ ಅಲ್ಲಿನ ಲೆಂಗ್ ವರದಿಯೇ ಹೇಳಿದೆ.

ವೈದ್ಯರ ಕೊರತೆ ಇರುವುದರಿಂದ ನಾಳೆ ಹುದ್ದೆ ಹುಟ್ಟಿಯೇ ಹುಟ್ಟುತ್ತದೆ ಎಂಬ ವಾದವೊಂದನ್ನು ಮಾತ್ರ ತಳ್ಳಿಹಾಕಲಾರೆವು. ಹುಟ್ಟಬಹುದು, ಹುಟ್ಟಲೂಬೇಕು. ಆದರೆ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್ ಎಂದರೆ ಹುದ್ದೆ ನಾಳೆಯದು, ಶುಲ್ಕ ಕಟ್ಟುವುದು ಇವತ್ತು. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಳ್ಳುವವನು ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಬೆಲೆ ಕಟ್ಟುವುದಿಲ್ಲ. ಅದೇ ಗೂಡು ಮಾರಿದ ದುಡ್ಡಿನಲ್ಲಿ ಮಗಳ ಸೀಟು ಕೊಳ್ಳುವ ರೈತನಿಗೆ ನೀವು ಹಿಡಿದು ನೋಡಲು ಕೊಡುವುದು ಬಣ್ಣದ ಕಾಗದವೊಂದನ್ನೇ.

ಬರುವ ವರ್ಷದ ಕರಪತ್ರದಲ್ಲಿ ಸ್ಟೆತಸ್ಕೋಪ್ ಹಾಗೇ ಇರಲಿ. ಅದರ ಕೆಳಗೆ, ಕಳೆದ ಬಾರಿ ಪಾಸಾದವರು ಯಾವ ಆಸ್ಪತ್ರೆಯಲ್ಲಿ, ಯಾರ ಕೈಕೆಳಗೆ, ಎಷ್ಟು ಸಂಬಳಕ್ಕೆ ದುಡಿಯುತ್ತಿದ್ದಾರೆಂದು ಅಚ್ಚು ಹಾಕಿಸಿ. ಹಾಕದಿದ್ದರೆ, ಪೋಷಕರೇ, ಅರ್ಜಿಗೆ ಸಹಿ ಹಾಕುವ ಮೊದಲು ಕಾಲೇಜಿಗೆ ಹೋಗಿ ನೀವೇ ಕೇಳಿ.